ವೆಂಡೆಲ್ ಮುದುಕನ ಫ್ರೆಂಚ್

"ನೀರು ಕುದಿಸಿ ಕುಡೀರಿ ಅಂತ ನೋಟೀಸು ಬಂದಾಗ ನನ್ನ ಹೆಂಡತಿ ಇಂಗ್ಲಿಷಲ್ಲಿ ಓದಿಕೊಂಡ. ಇನ್ಮೇಲೆ ಅವನು ಏನು ಓದಬೇಕು?" ಎಂದು ವೆಂಡೆಲ್ ಮುದುಕ ಕೇಳಿದ. ಹೆಂಡತಿಯನ್ನು ಗಂಡಸು ಮಾಡಿದ ಆ ಫ್ರೆಂಚಿಗೆ ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಮುದುಕನ ಕಿವಿಗಳು ಕೆಂಪಾದವು. ಆದರೂ ಕೂರದೆ, ಎದುರಿನ ಕುರ್ಚಿಯನ್ನು ಹಿಡಿದುಕೊಂಡು ನಿಂತೇ ಇದ್ದ.

ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಪ್ರಾಂತ್ಯವಾದ ಕ್ವಿಬೆಕ್‌ನ ಆ ಪುಟ್ಟ ಊರಿನಲ್ಲಿ ಇಂಗ್ಲಿಷಿನವರು ಈಗ ಬೆರಳೆಣಿಕೆಯಷ್ಟು. ಊರಿನ ನೋಟೀಸುಗಳು ಇನ್ನು ಮುಂದೆಯೂ ಎರಡು ಭಾಷೆಗಳಲ್ಲಿ ಬರಬೇಕೋ ಬೇಡವೋ ಎಂದು ಪುರಸಭೆ ಅಂದು ತೀರ್ಮಾನಿಸಬೇಕಿತ್ತು. ಸದಸ್ಯ ಗೇತಾಂ ಬೇಡವೆನ್ನಲು ನಿಶ್ಚಯಿಸಿಯೇ ಬಂದಿದ್ದ. ಅವನ ಅಪ್ಪ ಕಾಗದದ ಗಿರಣಿಯಲ್ಲಿ ಇದೇ ವೆಂಡೆಲ್‌ನ ತಂದೆಯ ಕೈಕೆಳಗೆ ದುಡಿದವನು. ಅಲ್ಲಿ ರಜೆ ಬೇಕೆಂದರೂ ಇಂಗ್ಲಿಷಿನಲ್ಲೇ ಕೇಳಬೇಕಿತ್ತು. ಒಮ್ಮೆ ಊಟದ ಡಬ್ಬಿ ಕೊಡಲು ಹೋದ ಗೇತಾಂ, ಅಪ್ಪ ಮಾತಿಗೆ ತಡವರಿಸುವುದನ್ನೂ ಸಾಹೇಬರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದನ್ನೂ ಬಾಗಿಲಲ್ಲಿ ನಿಂತು ನೋಡಿದ್ದ. ಅಪ್ಪನ ಕಿವಿಗಳೂ ಹೀಗೇ ಕೆಂಪಾಗಿದ್ದವು.

"ಎರಡೂ ಭಾಷೆ ಇರಲಿ ಅನ್ನೋರು ಕೈ ಎತ್ತಿ" ಎಂದರು ಮೇಯರ್. ಕೆಲವು ಕೈಗಳು ಎದ್ದವು. ಇನ್ನೊಂದೇ ಒಂದು ಕೈ ಎದ್ದರೆ ಸಾಕಿತ್ತು. ಗೇತಾಂ ಮುದುಕನ ಮುಖವನ್ನೇ ನೋಡುತ್ತ ಮೆಲ್ಲಗೆ ಕೈಯೆತ್ತಿದ.

ಪಕ್ಕದಲ್ಲಿ ಕೂತಿದ್ದ ಅವನ ಚಿಕ್ಕಪ್ಪನ ಮಗಳು ಲಿಸೆತ್ ಅವನ ತೋಳು ಜಗ್ಗಿದಳು. "ಏನಣ್ಣಾ ಇದು? ಇವರು ದೊಡ್ಡಪ್ಪನ್ನ ಎಷ್ಟು ಗೋಳು ಹೊಯ್ಕೊಂಡಿದ್ರು, ಎಲ್ಲಾ ಮರ್ತುಬಿಟ್ಯಾ?"

"ಮರ್ತಿದ್ರೆ ಈಗ ನಾನೂ ನಗ್ತಿದ್ದೆ ಕಣೇ" ಎಂದ ಗೇತಾಂ.