ಮಡ್ಡಿಯ ಮೇಲಿನ ಮದುವೆ

"ಸರ್, ಇಲ್ಲಿ ಮಡ್ಡಿ ಮ್ಯಾಲ ಮದುವಿ ನಡ್ಯಾಕತ್ತೈತ್ರಿ. ಮಧ್ಯಾಹ್ನಕ್ಕ ಅಕ್ಕಿಕಾಳು."

ಫೋನಿನಲ್ಲಿ ಆಮ್ರಪಾಲಿಯ ದನಿ ನಡುಗುತ್ತಿತ್ತು. ಗೋಕಾಕದ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ ಚಹಾ ಹೀರುತ್ತಿದ್ದ ಶಿವಾನಂದ ಸರ್ ಕಪ್ಪು ಕೆಳಗಿಟ್ಟರು.

"ಮದುವಿ ಆದ್ರ ಆಗ್ಲಿ. ನೀ ಯಾಕ ನಡಗಾಕತ್ತಿ?"

"ವಧೂನ ವಯಸ್ಸು ಕೇಳೇನ್ರಿ. ಮೂರು ವರ್ಷ ಅಂದ್ರು."

"ಏನು, ಮೂರು?"

"ವರಗ ಐದಂತ. ಅರಭಾವಿ ಕಡಿಯಿಂದ ಬಂದಾನ."

"ಅಯ್ಯೋ ಶಿವನ! ಕೂಸು ಅಳಾಕತ್ತೈತೇನು?"

"ಬೆಳಗಿನಿಂದ ಒದರೂದ ನಿಂತಿಲ್ರಿ. ಓಡಿ ಹೋಗತೈತಿ ಅಂತ ಹಗ್ಗಾ ಹಾಕಿ ಕಟ್ಯಾರ. ಸೀರಿ ಉಡಸಾಕ ಹೋದ ದುರ್ಗಪ್ಪ ಕಾಕಾಗ ಒದ್ದು..." ಮಾತು ಅರ್ಧಕ್ಕೆ ನಿಂತಿತು. ಪಾಪ, ಅಳು ನುಂಗಿಕೊಳ್ಳುತ್ತಿದ್ದಾಳೆ ಅಂದುಕೊಂಡರು ಸರ್.

ಆಮ್ರಪಾಲಿ ಸಮಾಜಕಾರ್ಯದ ಡಿಗ್ರಿ ಬಿ.ಎಸ್.ಡಬ್ಲ್ಯೂ. ಕೊನೆಯ ಸೆಮಿಸ್ಟರಿನ ಹುಡುಗಿ. ಫೀಲ್ಡ್‌ವರ್ಕಿಗೆಂದು ಸರ್ ಅವಳನ್ನು ಕಲ್ಲೋಳಿಯ ಆಚೆಯ ಮಡ್ಡಿಗೆ ಹಾಕಿದ್ದರು. ಎತ್ತರದ ಒಣ ದಿಬ್ಬದಲ್ಲಿ ಒಂದಿಷ್ಟು ಮನೆ, ಮಳೆ ನಂಬಿದ ಹೊಲ. ಮೇಲೆ ಹನಿ ನೀರಿಗೂ ತತ್ವಾರ. ಕೆಳಗೆ, ಊರಿಗೆ ಹೋಗುವ ಒಂದೇ ದಾರಿಯಲ್ಲಿ ಕಾಲುವೆಯ ಬಸಿನೀರು ನಿಂತು ವರ್ಷವಿಡೀ ಮೊಳಕಾಲುದ್ದ ಕೆಸರು. ಮಕ್ಕಳು ಪಾಟೀಚೀಲ ತಲೆಯ ಮೇಲಿಟ್ಟುಕೊಂಡು ಶಾಲೆಗೆ ಹೋಗಬೇಕು. ಬಸುರಿಯರನ್ನು ಹೊತ್ತು ದಾಟಿಸಬೇಕು.

ಆ ದಾರಿ ಸರಿಮಾಡಿಸುವುದೇ ಅವಳ ಕೆಲಸ. ಹುಡುಗಿ ಅರ್ಜಿ ಕೊಟ್ಟಳು. ಮಂದಿಯನ್ನು ಕಟ್ಟಿಕೊಂಡು ಹೋದಳು. ತಾಲೂಕು ಆಫೀಸಿನ ಬೆಂಚು ಸವೆಸಿದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬುದೊಂದೇ ಉತ್ತರ.

"ಅರ್ಜಿ ಯಾರ ಬೇಕಾದ್ರೂ ಬರೀತಾರ ತಂಗಿ," ಎಂದಿದ್ದರು ಶಿವಾನಂದ ಸರ್. "ಸಾಹೇಬ್ರು ಬಂದು ಆ ಕೆಸರಾಗ ಕಾಲಿಡಬೇಕು. ಅಲ್ಲೀತನಾ ನಿನ್ನ ಫೀಲ್ಡ್‌ವರ್ಕಿಗೆ ನನ್ನ ಸಹಿ ಇಲ್ಲ."

ಸಹಿ ಇಲ್ಲವೆಂದರೆ ಡಿಗ್ರಿ ಇಲ್ಲ. ಕಬ್ಬಿನ ಗದ್ದೆಯಲ್ಲಿ ದುಡಿದು ಓದಿಸುವ ಅವ್ವನಿಗೆ ಏನು ಹೇಳುವುದು? ಅವತ್ತು ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದದ್ದು ಸರ್‌ಗೆ ಚುಚ್ಚಿತ್ತು. ತುಸು ಮಾತ್ರ.

ಈಗ ನೋಡಿದರೆ ರಸ್ತೆ ಬಿಟ್ಟು ಬಾಲ್ಯವಿವಾಹ ಹಿಡಿದಿದ್ದಾಳೆ! ಸರ್ ಎದೆ ಉಬ್ಬಿತು. ಮೊನ್ನೆಯಷ್ಟೇ ಕ್ಲಾಸಿನಲ್ಲಿ ಮೇಜು ಗುದ್ದಿ ಹೇಳಿದ್ದರು: "ರೋಡಿಗೆ ಅರ್ಜಿ, ನೀರಿಗೆ ಅರ್ಜಿ. ಬಾಲ್ಯವಿವಾಹಕ್ಕ ಒಂದ ಫೋನ್ ಸಾಕು, ಜೀಪು ಹಾರಿ ಬರ್ತಾವ." ಹಿಂದಿನ ಬೆಂಚಿನಿಂದ ಇದೇ ಆಮ್ರಪಾಲಿ ಎದ್ದು, "ಯಾರ ಫೋನ್ ಮಾಡಿದ್ರೂ ಬರ್ತಾರೇನ್ರಿ ಸರ್?" ಎಂದು ಕೇಳಿದ್ದಳು. "ನಮ್ಮಂಥಾ ಮಾಸ್ತರ್ ಮಾಡಿದ್ರ ಲಗೂನ ಬರ್ತಾರ," ಎಂದು ಸರ್ ಮೀಸೆ ಸವರಿಕೊಂಡಿದ್ದರು.

ಮಾಸ್ತರು ಅದೇ ಸಾಹೇಬರಿಗೆ ಫೋನ್ ಮಾಡಿದರು. "ಮೂರು ವರ್ಷದ ಕೂಸು ಸಾಹೇಬ್ರ! ಹಗ್ಗದಾಗ ಬಿಗದಾರ!" ಸಾಹೇಬರು ಮೀಟಿಂಗು ಅಲ್ಲಿಗೇ ಬಿಟ್ಟೆದ್ದರು. ಹಿಂದೊಂದು ಪೊಲೀಸ್ ಜೀಪು. ಮುಂದಿನ ಜೀಪಿನಲ್ಲಿ, ಸಾಹೇಬರ ಪಕ್ಕ, ನಾಳೆಯ ಪೇಪರಿನಲ್ಲಿ ತಮ್ಮ ಫೋಟೋ ಯಾವ ಮೂಲೆಗೆ ಬಂದೀತು ಎಂದು ಯೋಚಿಸುತ್ತ ಶಿವಾನಂದ ಸರ್.

ಮಡ್ಡಿಯ ಬುಡದಲ್ಲಿ ಮುಂದಿನ ಜೀಪು ಹೂತಿತು. ಅದನ್ನು ಎಳೆಯಲು ಹೋದ ಹಿಂದಿನದೂ ಹೂತಿತು. ಸಾಹೇಬರು ಪ್ಯಾಂಟು ಮಡಚಿ ಇಳಿದರು. ನಾಲ್ಕು ಹೆಜ್ಜೆಗೆ ಒಂದು ಬೂಟು ಒಳಗೇ ಉಳಿಯಿತು.

"ಎಂಥಾ ದಾರೀನೋ ಇದು! ಯಾರಿಗೂ ಹೇಳೂದಿಲ್ಲೇನು ಇವರು?" ಎಂದು ಗುಡುಗಿದರು. ಸರ್ ಕೆಮ್ಮಿದರು.

ಮೇಲಿಂದ ಹಲಗೆ ಬಾರಿಸುವ ಸದ್ದು ಜೋರಾಯಿತು. ಎಲ್ಲರೂ ಬಿದ್ದು ಎದ್ದು ಓಡಿದರು. "ನಿಲ್ಲಸ್ರಿ ಮದುವಿ!" ಎಂದು ಸರ್ ಕೂಗಿದ ಕೂಗಿಗೆ ಹಂದರದ ಜನ ಎರಡು ಪಾಲಾಗಿ ದಾರಿ ಬಿಟ್ಟರು.

ವಧು ಹಸಿರು ಸೀರೆಯಲ್ಲಿದ್ದಳು. ಹಣೆಗೆ ಬಾಸಿಂಗ. ಅದರ ಎರಡೂ ಬದಿಗೆ ನೆಟ್ಟಗೆ ನಿಂತ ಉದ್ದನೆಯ ಕಿವಿ. ತೋರಣದ ಮಾವಿನೆಲೆ ಮೆಲ್ಲುತ್ತ ಸಾಹೇಬರನ್ನೇ ನೋಡಿದಳು.

"ಮಳಿ ಆಗವಲ್ದಲ್ರಿ, ಅದಕ ಕತ್ತಿ ಮದುವಿ ಇಟ್ಕೊಂಡೇವಿ," ಎಂದಳು ಹಿರಿಯಳಾದ ಕೆಂಪವ್ವ. "ಬರ್ರಿ, ನೀವೂ ಅಕ್ಕಿಕಾಳ ಹಾಕ್ರಿ."

ಪಕ್ಕದಲ್ಲಿ ಕಟ್ಟಿದ್ದ ವರ-ಕತ್ತೆ ಒದರಿತು. ಅಷ್ಟೇ ಸಾಕಾಯಿತು, ಹಂದರವೇ ಬಿದ್ದು ಬಿದ್ದು ನಕ್ಕಿತು, ಪೊಲೀಸರೂ ಸೇರಿ.

ಸಾಹೇಬರು ಕೆಂಗಣ್ಣು ಬಿಟ್ಟು ಮಾಸ್ತರರ ಕಡೆ ತಿರುಗಿದರು. ಅಷ್ಟರಲ್ಲಿ ಸುತ್ತ ಮೊಬೈಲುಗಳು ಮೇಲೆದ್ದಿದ್ದವು. ಕೆಂಪವ್ವ ತಂಬಿಗೆ ನೀರು ತಂದು ಮುಂದಿಟ್ಟಳು. "ಮೊದಲ ಕಾಲ ತೊಳಕೊಳ್ರಿ ಯಪ್ಪಾ. ನಮ್ಮ ಹುಡುಗರೂ ದಿನಾ ಹಿಂಗ ಮನೀಗೆ ಬರ್ತಾವ."

ಸಾಹೇಬರು ತಮ್ಮ ಕಾಲು ನೋಡಿಕೊಂಡರು. ಮೊಬೈಲುಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡು ಯಾರಿಗೋ ಫೋನ್ ಹಚ್ಚಿದರು. "ಸೋಮವಾರ ಈ ದಾರಿಗೆ ಖಡಿ ಬೀಳತೈತಿ. ನಾನ ನಿಂತು ಹಾಕಸ್ತೇನಿ," ಎಂದು ಎಲ್ಲರ ಮುಂದೆ ಹೇಳಿದರು. ಮಂದಿ ಚಪ್ಪಾಳೆ ತಟ್ಟಿತು. ಆಮೇಲೆ ಸಾಹೇಬರು ಗೋಧಿ ಹುಗ್ಗಿಗೆ ಕುಳಿತು ಎರಡನೆಯ ಸಲವೂ ಹಾಕಿಸಿಕೊಂಡರು.

ಶಿವಾನಂದ ಸರ್ ಎಲೆ ಬಿಟ್ಟೆದ್ದರು. ನಾಳೆ ಇಡೀ ಗೋಕಾಕ ನಗುತ್ತದೆ. ಸಿಟ್ಟಿನಿಂದಲೇ ಆಮ್ರಪಾಲಿಯನ್ನು ಹಂದರದ ಹಿಂದಕ್ಕೆ ಕರೆದರು. ಹುಡುಗಿ ಬಂದು ತಲೆ ತಗ್ಗಿಸಿ ನಿಂತಳು. ಭುಜ ಸಣ್ಣಗೆ ಅಲುಗುತ್ತಿದ್ದವು. ಸರ್ ಕರಗಿಬಿಟ್ಟರು. ಎಷ್ಟಾದರೂ ಇನ್ನೂ ಕಲಿಯುವ ಮಗು, ಸರಿಯಾಗಿ ನೋಡದೆ ಗಾಬರಿಯಾಗಿದೆ.

"ಅಳಬ್ಯಾಡ ತಂಗಿ. ಹೊಸದಾಗಿ ಇಂಥಾ ತಪ್ಪು ಆಗತಾವ."

ಆಮ್ರಪಾಲಿ ಮುಖ ಎತ್ತಿದಳು. ಕಣ್ಣಲ್ಲಿ ಹನಿ ನೀರಿಲ್ಲ. ಚೀಲದಿಂದ ಫೀಲ್ಡ್‌ವರ್ಕ್ ಹಾಳೆ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿ, ಎರಡೂ ಕೈಯಿಂದ ಮುಂದೆ ಹಿಡಿದಳು.

"ಸಾಹೇಬ್ರು ಕೆಸರಾಗ ಕಾಲಿಟ್ರಲ್ರಿ ಸರ್. ಸಹಿ ಮಾಡ್ರಿ."