ತಣ್ಣನೆಯ ಎಂಜಿನ್

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಕಾರಿನ ಡಿಕ್ಕಿ ತೆಗೆದು ಆ ಕಬ್ಬಿಣದ ಹ್ಯಾಂಡಲನ್ನು ಹೊರಗೆಳೆದಳು. ಹಳೆಯ ಯಂತ್ರಗಳ ವ್ಯಾಪಾರಿ ಆಗಷ್ಟೇ ಫೋನ್ ಮಾಡಿದ್ದ. ಮೇಷ್ಟ್ರ ನಂಬರು ವಾರದಿಂದ ಸ್ವಿಚ್ ಆಫ್, ಅದಕ್ಕೇ ನಿಮಗೆ ಮಾಡಿದೆ, ನಮ್ಮ ಹ್ಯಾಂಡಲ್ ನಮಗೆ ತಂದುಕೊಡಿ, ಇನ್ನೊಬ್ಬ ಗಿರಾಕಿ ಬಂದು ಕೂತಿದ್ದಾರೆ ಎಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟೂ ಬಿಟ್ಟ. ಈ ಒಂದು ವಾರದಲ್ಲಿ ಅವಳ ಗಂಡನ ವಿಷಯವನ್ನು ದನಿ ತಗ್ಗಿಸದೆ ಮಾತಾಡಿದ ಮೊದಲ ಮನುಷ್ಯ ಅವನು.

ಊರಾಚೆ ಗಂಡಹೆಂಡಿರು ಕೊಂಡ ತುಂಡು ಜಮೀನೊಂದಿತ್ತು. ಹೊಟ್ಟೆಪಾಡಿಗಲ್ಲ, ರಜೆಯ ದಿನ ಕೈಕಾಲಿಗೆ ಮಣ್ಣು ಮೆತ್ತಿಕೊಳ್ಳುವ ಆಸೆಗೆ. ಅದನ್ನು ಉಳಲು ಒಂದು ಪುಟ್ಟ ಟ್ರ್ಯಾಕ್ಟರ್ ಬೇಕು, ಅದೂ ತಾನು ಹುಟ್ಟುವ ಮೊದಲಿನದಾಗಿರಬೇಕು ಎಂಬುದು ಗಣಿತದ ಮೇಷ್ಟ್ರಾದ ಅವನ ಹುಚ್ಚು. ವ್ಯಾಪಾರಿಯ ಶೆಡ್ಡಿನಲ್ಲಿ ಅಂಥ ಎರಡು ಟ್ರ್ಯಾಕ್ಟರು ಕಣ್ಣಿಗೆ ಬಿದ್ದಿದ್ದವು. ಹೊಸದಾಗಿ ಕೆಂಪು ಬಣ್ಣ ಬಳಿದದ್ದು ಅವಳಿಗೆ ಹಿಡಿಸಿತ್ತು. ಅವನು ಅದರ ಎಂಜಿನ್ ಮೇಲೆ ಅಂಗೈ ಇಟ್ಟು, ಬಿಸಿಯಿದೆ ಕಣೇ, ನಾವು ಬರೋ ಮೊದಲೇ ಓಡಿಸಿ ಇಟ್ಟಿದ್ದಾರೆ ಎಂದು ಕಿವಿಯಲ್ಲಿ ಹೇಳಿದ್ದ. ಬಿಸಿಯಾದ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ತಣ್ಣಗೆ ನಿಂತದ್ದನ್ನು ಸ್ಟಾರ್ಟ್ ಮಾಡಿದರೇ ಅದರ ಬಂಡವಾಳ ಬಯಲಾಗುವುದು. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಸಿರು ಟ್ರ್ಯಾಕ್ಟರಿಗೂ ಇವರು ಇದೇ ಆಟ ಹೂಡಬಾರದೆಂದು, ಅದನ್ನು ಸ್ಟಾರ್ಟ್ ಮಾಡುವ ಹ್ಯಾಂಡಲನ್ನೇ ಎರಡು ದಿನದ ಮಟ್ಟಿಗೆ ಕೇಳಿ ತಂದಿದ್ದ. ಬೇರೆ ಯಾವ ಹ್ಯಾಂಡಲೂ ಅದಕ್ಕೆ ಕೂರುತ್ತಿರಲಿಲ್ಲ. ಮರುದಿನ ಅವನು ಕಾಲೇಜಿನ ಮೆಟ್ಟಿಲ ಮೇಲೆ ಕುಸಿದುಬಿದ್ದ.

ಶೆಡ್ಡಿನೊಳಗೆ ಗಿರಾಕಿ ಬೋರಲು ಹಾಕಿದ ಡಬ್ಬದ ಮೇಲೆ ಕೂತು ಪೇಪರು ಓದುತ್ತಿದ್ದ. ವ್ಯಾಪಾರಿ ಅವಳ ಹಿಂದೆ ಇಣುಕಿ ನೋಡಿದ.

"ಎಲ್ಲಿ ಮೇಷ್ಟ್ರು? ಮುಖ ತೋರ್ಸೋಕೆ ನಾಚಿಕೆನಾ?"

"ಬರೋಕಾಗ್ಲಿಲ್ಲ."

"ಮೂರು ಸಲ ಬಂದ್ರಮ್ಮ. ನಮ್ಮ ಟೀ ಕುಡಿದು, ನಮ್ಮ ಸ್ಟೂಲಲ್ಲೇ ಕೂತು, ನಮಗೇ ಪಾಠ ಹೇಳಿದ್ರು. ಒಂದು ಬೋಲ್ಟೂ ಕೊಂಡ್ಕೊಳ್ಲಿಲ್ಲ. ಇಂಥ ಸಂಶಯದ ಪ್ರಾಣಿ ಜೊತೆ ಹೇಗಮ್ಮ ಬಾಳ್ವೆ ಮಾಡ್ತೀರಿ?"

"ಅಭ್ಯಾಸ ಆಗಿದೆ," ಎಂದಳು.

ಹೇಳಿಬಿಡಬಹುದಿತ್ತು. ಒಂದೇ ಒಂದು ಮಾತು ಸಾಕಿತ್ತು. ಆಮೇಲೆ ಇವನೂ ಕೈಯೊರೆಸಿಕೊಂಡು, ತಲೆ ತಗ್ಗಿಸಿ, ದೇವರಂಥ ಮನುಷ್ಯ ಎನ್ನುತ್ತಿದ್ದ. ಇವನೊಬ್ಬನ ಬಾಯಲ್ಲಿ ಅವಳ ಗಂಡ ಇನ್ನೂ ಬದುಕಿದ್ದ; ಬೈಸಿಕೊಳ್ಳುತ್ತಿದ್ದ. ಇನ್ನಷ್ಟು ಬೈಯಲಿ ಎಂದು ಅವಳು ಸುಮ್ಮನೆ ನಿಂತಳು.

ಆದರೆ ವ್ಯಾಪಾರಿ ವ್ಯವಹಾರಕ್ಕೆ ಇಳಿದ. ಮೊದಲು ಕೇಳಿದವರು ಮೇಷ್ಟ್ರು, ಆದ್ದರಿಂದ ಮೊದಲ ಮಾತು ಅವರದೇ. ಬೇಕು ಅಂದರೆ ಈ ಗಿರಾಕಿಯನ್ನು ಈಗಲೇ ಸಾಗಹಾಕುತ್ತೇನೆ, ಬೇಡ ಅಂದರೆ ಅದನ್ನೂ ಇವತ್ತೇ ಹೇಳಿ ಎಂದ. ಜಮೀನು ಮಾರಿಬಿಡು, ಒಬ್ಬಳೇ ಎಷ್ಟು ಅಂತ ಗುದ್ದಾಡ್ತೀಯ ಎಂದು ನಿನ್ನೆ ಬಸ್ಸು ಹತ್ತುವಾಗ ಅಕ್ಕ ಹೇಳಿದ್ದಳು. ತಾನು ಹೂಂ ಎಂದೆನೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ.

"ಮೊದಲು ಮುಟ್ಟಿ ನೋಡಿ," ಎಂದ ವ್ಯಾಪಾರಿ. "ಆಮೇಲೆ ಬಿಸಿ ಮಾಡಿಟ್ಟಿದ್ದ ಅಂತ ಮನೇಲಿ ಚಾಡಿ ಹೇಳ್ಬೇಡಿ."

ಅವಳು ಹಸಿರು ಟ್ರ್ಯಾಕ್ಟರಿನ ಎಂಜಿನ್ ಮೇಲೆ ಅಂಗೈ ಇಟ್ಟಳು. ಆ ತಣ್ಣನೆಯ ಸ್ಪರ್ಶ ಅವಳ ಅಂಗೈಗೆ ಹೊಸದಾಗಿರಲಿಲ್ಲ. ಕೈ ತೆಗೆಯಲು ತುಸು ಹೊತ್ತು ಹಿಡಿಯಿತು.

"ತಣ್ಣಗಿದೆ," ಎಂದಳು.

ಅವನು ಹ್ಯಾಂಡಲ್ ಸಿಕ್ಕಿಸಿ ಮೈಯೆಲ್ಲ ಬಗ್ಗಿಸಿ ತಿರುಗಿಸಿದ. ಮೊದಲ ಸುತ್ತಿಗೆ ಏನೂ ಆಗಲಿಲ್ಲ. ಇನ್ನೊಂದು ಸುತ್ತಿಗೆ ಎಂಜಿನ್ ಕೆಮ್ಮಿತು. ಮತ್ತೊಂದಕ್ಕೆ ಒಂದು ಉಂಡೆ ಕರಿ ಹೊಗೆ ಉಗುಳಿ, ತಡವರಿಸಿ, ಆಮೇಲೆ ಗಂಟಲು ಸರಿಮಾಡಿಕೊಂಡವರ ಹಾಗೆ ಒಂದೇ ಲಯಕ್ಕೆ ಬಂತು. ಗಿರಾಕಿ ಪೇಪರು ಮಡಚಿ ಎದ್ದು ನಿಂತ. ವ್ಯಾಪಾರಿ ಹ್ಯಾಂಡಲ್ ಕಿತ್ತು ಅವಳ ಕೈಗೇ ಕೊಟ್ಟು, ಸದ್ದಿನ ಮೇಲೆ ದನಿಯೇರಿಸಿ ಕೂಗಿದ:

"ಕೇಳಿದ್ರಾ? ಅವರು ಆರಿಸಿದ್ದು ಬಂಗಾರ ಕಣಮ್ಮ. ಫೋನ್ ಮಾಡಿ, ಅವರ ಕಿವಿಗೂ ಬೀಳ್ಲಿ. ನಾನು ಮಾಡಿದ್ರೆ ಸ್ವಿಚ್ ಆಫ್ ಅನ್ನುತ್ತೆ, ನೀವು ಮಾಡಿದ್ರೆ ಎತ್ತೇ ಎತ್ತುತ್ತಾರೆ."

ಅವಳು ಗಂಡನ ನಂಬರು ಒತ್ತಿ ಫೋನ್ ಕಿವಿಗಿಟ್ಟುಕೊಂಡಳು. ನೀವು ಕರೆ ಮಾಡಿರುವ ಚಂದಾದಾರರು ಎಂದು ಹೆಣ್ಣುದನಿಯೊಂದು ಸೌಜನ್ಯದಿಂದ ಶುರುಮಾಡಿತು. ಅವಳು ಫೋನನ್ನು ಕಿವಿಯಿಂದ ತೆಗೆದು, ತೋಳು ಚಾಚಿ, ಎಂಜಿನ್ನಿನ ಹತ್ತಿರ ಹಿಡಿದಳು. ಹೊಗೆ ಮುಖಕ್ಕೇ ಬರುತ್ತಿದ್ದರೂ ಹಿಡಿದೇ ಇದ್ದಳು.

ವ್ಯಾಪಾರಿ ಎಂಜಿನ್ ನಿಲ್ಲಿಸಿದ. ಶೆಡ್ಡು ಒಮ್ಮೆಲೇ ಬಿಕೋ ಎಂದಿತು.

"ಏನಂದ್ರು?"

"ಚೆನ್ನಾಗಿದೆಯಂತೆ."

"ಮತ್ತೆ? ನಿಮಗೇ ಇಡ್ಲಾ?"

"ಬೇಡ. ಇವರಿಗೆ ಕೊಡಿ," ಎಂದು ಅವಳು ಹ್ಯಾಂಡಲನ್ನು ಅವನ ಕೈಗೆ ವಾಪಸು ಕೊಟ್ಟಳು.

ಅವನು ಅವಳ ಮುಖ ನೋಡಿದ. ಮನೆಯಲ್ಲೇ ಏನೋ ಜಗಳ ಎಂದುಕೊಂಡಿರಬೇಕು, ದನಿಯಲ್ಲಿ ಮೊದಲ ಸಲ ಸ್ವಲ್ಪ ಮರುಕ ಬಂತು. "ಬೇಜಾರು ಮಾಡ್ಕೋಬೇಡಿ ಅನ್ನಿ. ಇಂಥದ್ದು ಇನ್ನೊಂದು ಬಂದೇ ಬರುತ್ತೆ. ಬಂದಾಗ ಮೊದಲು ಮೇಷ್ಟ್ರಿಗೇ ಹೇಳೋದು."

"ಹೂಂ," ಎಂದಳು ಅವಳು. "ಅವರಿಗೇ ಹೇಳಿ."