ಹುಳದ ಮನೆಯ ಬಾಗಿಲು

ಒಂಚೂರು ನಿಲ್ಲಿ, ಇದನ್ನು ಕೇಳಿಕೊಂಡೇ ಹೋಗಿ. ಬೈರಾಪಟ್ಟಣದ ಮಹೇಂದ್ರನ ರೇಷ್ಮೆಹುಳ ಹಣ್ಣಾಗಿತ್ತು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಸಂಜೆಯೊಳಗೆ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಕಕ್ಕುತ್ತದೆ, ಬೆಳೆ ಮಣ್ಣುಪಾಲು. ಮಹೇಂದ್ರನೂ ಕೂಲಿಯ ತಸ್ಲೀಮಾಳೂ ಬಗ್ಗಿದ ಬೆನ್ನು ಎತ್ತದೆ ಆರಿಸುತ್ತಿದ್ದಾಗಲೇ ಹೊರಗೆ ಬೈಕುಗಳು ನಿಂತವು. ಬಂದವನು ಮಹೇಂದ್ರನ ಚಿಕ್ಕಪ್ಪನ ಮಗ ನಟರಾಜು, ಜೊತೆಗೆ ಇನ್ನಿಬ್ಬರು.

"ಲೇ ಮಹೇಂದ್ರ, ಆ ಬಾಂಗ್ಲಾದೋಳ್ನ ಆಚೆ ಕಳ್ಸ್ಲಾ. ಸ್ಟೇಷನ್ನಿಗೆ ಕರ್ಕೊಂಡೋಯ್ತೀವಿ."

"ಬಾಂಗ್ಲಾ ಅಲ್ಲ ಕಣ್ಲಾ, ಪಶ್ಚಿಮ ಬಂಗಾಳದ್ ಮಾಲ್ದಾ. ಅದು ನಮ್ ದೇಶದ್ದೇಯ. ಆಧಾರ್ ಐತೆ."

"ಆಧಾರ್ ಯಾರ್ತಾವಿಲ್ಲ? ಟೀವಿ ನೋಡಾಕಿಲ್ವಾ ನೀನು?"

ಹೋದ ವರ್ಷ ಇದೇ ನಟರಾಜು ತನ್ನ ಹುಳಕ್ಕೂ ಅವಳನ್ನೇ ಕರೆದಿದ್ದ. ಆಗ ಅವಳು ಮಾಲ್ದಾದವಳು, ತವರಿನಲ್ಲೂ ಹುಳ ಸಾಕಿದವಳು, ಕೈ ಬಲು ಹಗುರ. ಆಮೇಲೆ ಗಡಿಯಾಚೆ ಬಾಂಗ್ಲಾದ ಢಾಕಾದಲ್ಲಿ ಸರ್ಕಾರ ಉರುಳಿತು, ಟೀವಿಯಲ್ಲಿ ದಿನವೂ ಅದೇ ಸುದ್ದಿ. ಬೈರಾಪಟ್ಟಣದಲ್ಲಿ ಅವಳ ಊರು ಬದಲಾಗಿಬಿಟ್ಟಿತು.

ತಸ್ಲೀಮಾ ತಲೆ ಎತ್ತಲಿಲ್ಲ. ಬೆರಳುಗಳು ಮಾತ್ರ ಆರಿಸುತ್ತಲೇ ಇದ್ದವು. ನಟರಾಜು ಹೊಸ್ತಿಲಿಗೆ ಕಾಲಿಟ್ಟ. ಮಹೇಂದ್ರ ದಡಕ್ಕನೆ ಎದ್ದು ಅಡ್ಡ ನಿಂತ.

"ಹುಳ ಹಣ್ಣಾಗೈತೆ. ಹೊರಗ್ನೋರು ಒಳೀಕ್ ಬರಂಗಿಲ್ಲ, ಗೊತ್ತಿಲ್ವೇನ್ಲಾ?"

"ನಾನ್ ಹೊರಗ್ನೋನಾ? ಅವ್ಳು ಒಳಗ್ನೋಳಾ? ಒಂದೇ ಮನೆ ದೇವ್ರು ಕಣ್ಲಾ ನಮ್ಗೆ!"

"ದೇವ್ರು ಒಂದೇ, ಹುಳ ಬ್ಯಾರೆ. ನಿನ್ ಹುಳಕ್ಕೆ ಮೊನ್ನೆ ಸುಣ್ಣಕಟ್ಟು ರೋಗ ಬಂದಿತ್ತು. ಕಾಲಾಗೆ ತಂದು ನನ್ ಬೆಳೇಗೂ ಅಂಟಿಸ್ಬುಟ್ರೆ?"

ನಟರಾಜುವೂ ಹುಳ ಸಾಕುವವನೇ, ಆ ರೋಗದ ಭಯ ಬಲ್ಲವನು. ಕಾಲು ಹಿಂದಕ್ಕೆ ತೆಗೆದ.

"ಆಯ್ತು, ಐದಾರ್ ದಿನ ಕಳೀಲಿ, ಗೂಡು ಬಿಡಿಸ್ಕೊ. ಆಮ್ಯಾಕೆ ಬತ್ತೀವಿ."

ಕೊನೆಯ ಚಂದ್ರಿಕೆ ತುಂಬುವಾಗ ಬಿಸಿಲು ಇಳಿದಿತ್ತು. ಹುಳಗಳು ತಲೆಯಾಡಿಸುತ್ತಾ ತಮ್ಮ ಸುತ್ತ ತಾವೇ ಗೋಡೆ ಕಟ್ಟಿಕೊಳ್ಳತೊಡಗಿದ್ದವು. ತಸ್ಲೀಮಾ ಕೈ ತೊಳೆದುಕೊಂಡು ಬಾಗಿಲ ಬಳಿ ಬಂದಳು, ರಸ್ತೆಯ ಕಡೆ ಒಮ್ಮೆ ನೋಡಿದಳು.

"ಅಣ್ಣಾ, ಗೂಡು ಬಿಡಿಸಿದ ಮೇಲೆ ಅವ್ರು ಒಳಗೆ ಬರ್ಬೋದು, ಅಲ್ವಾ?"

ಮಹೇಂದ್ರ ಬಾಗಿಲಿನ ಚಿಲಕ ಹಿಡಿದು ನಿಂತೇ ಇದ್ದ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?